ಅಕ್ಕನ ಫೋನಿಗೆ ಹಾಕಿದ ಆಪ್

ಜೂನ್ ೧೨, ಗುರುವಾರ.

ಕಿವಿ ಮಂದವಾದ ಮೇಲೆ, ನಾಲ್ಕು ತಿಂಗಳಿಂದ, ಅಕ್ಕ ನಮ್ಮ ಟೈಲರ್ ಅಂಗಡಿಗೆ ಬರುವುದನ್ನೇ ಬಿಟ್ಟಿದ್ದಾಳೆ. ಗಿರಾಕಿ ಹೇಳಿದ್ದು ಕೇಳಿಸದಿದ್ದರೆ ಎಂಬ ಸಂಕೋಚ. ಹೆಜ್ಜೆ ಎಣಿಸುವುದು, ಹಕ್ಕಿಯ ಕೂಗು ಗುರುತಿಸುವುದು ಎಂದು ಊರಿಗೆಲ್ಲ ಆಪ್ ಶಿಫಾರಸು ಮಾಡುವ ನಾನು, ಆಡಿದ ಮಾತನ್ನು ಅಕ್ಷರದಲ್ಲಿ ತೋರಿಸುವ ಆಪನ್ನು ಇವತ್ತು ಅವಳ ಫೋನಿಗೆ ಹಾಕಿಕೊಟ್ಟೆ. ಮುಖ ತಿರುಗಿಸಿದಳು.

“ಕತ್ತೆಗಾದ್ರೂ ಕಲಿಸ್ಬಹುದು” ಎಂದು ಗೊಣಗಿದೆ. ಹಾಳಾದ್ದು, ಅದನ್ನೂ ಬರೆದುಬಿಟ್ಟಿತು!

ಅಕ್ಕ ಓದಿದಳು. “ಯಾರೋ ಕತ್ತೆ? ಕೇಳ್ಸಲ್ಲ ಅಂತ ಇಷ್ಟು ದಿನ ಇದನ್ನೇ ಅಂತಿದ್ಯೇನೋ?”

ನಾಲ್ಕು ತಿಂಗಳ ಮೇಲೆ ಬಾಯ್ತುಂಬ ಬೈದಳು. ಆಮೇಲೆ ನಕ್ಕಳು. “ನಾಳೆ ಅಂಗಡಿಗೆ ಬರ್ತೀನಿ. ಗಿರಾಕಿಗಳ ಹತ್ರ ಏನೇನು ಬೊಗಳೆ ಬಿಡ್ತೀಯ, ಎಲ್ಲ ಓದ್ಬೇಕು.”

ಅಂಗಡಿಯಲ್ಲಿ ಖಾಲಿ ಬಿದ್ದಿದ್ದ ಅವಳ ಕುರ್ಚಿಯ ಮೇಲೆ ಬಟ್ಟೆ ರಾಶಿ ಹಾಕಿದ್ದೇನೆ. ಬೆಳಿಗ್ಗೆ ಅವಳಿಗಿಂತ ಮೊದಲೇ ಹೋಗಿ ಅದನ್ನು ತೆರವು ಮಾಡಬೇಕು.