ಹನಿ ತಪ್ಪದ ಒಂಬತ್ತು ವರ್ಷ

ಪುತ್ತೂರು
14-6-1962

ಚಿ. ಸೌ. ವಸುಮತಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ತಡವಾಯಿತೆಂದು ಕೋಪಿಸಬೇಡ. ಬರೆಯಲು ಕುಳಿತರೆ ಕಣ್ಣೀರು ಶಾಯಿಯ ಮೇಲೆ ಬಿದ್ದು ಎರಡು ಹಾಳೆ ಹಾಳಾದವು. ಐವರ್ನಾಡಿನ ಶಾಲೆಯಲ್ಲಿ ನಿನಗೆ ಟೀಚರ್ ಕೆಲಸ ಸಿಕ್ಕಿತೆಂದು ಪೇಟೆಯ ಮೂರು ಅಂಗಡಿಗೆ ಹೋಗಿ ಹೇಳಿ ಬಂದೆ. ಸಾಮಾನು ಬೇಕಾಗಿದ್ದದ್ದು ಒಂದರಿಂದ ಮಾತ್ರ.

ಆದರೆ ಆ ಕೆಲಸ ಬಿಟ್ಟು ಅಪ್ಪನನ್ನು ನೋಡಿಕೊಳ್ಳಲು ಬರುತ್ತೇನೆ ಎಂದಿದ್ದೀಯಲ್ಲ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ನಿನ್ನ ಮದುವೆಯಲ್ಲಿ ಧಾರೆಯ ಹೊತ್ತಿಗೆ ನಾನು ಅತ್ತದ್ದನ್ನು ಕಂಡೆಯಂತೆ. ಅಳುವುದೆಂತ? ಅದು ಕಣ್ಣಿನ ಒತ್ತಡದ ಕಾಯಿಲೆಗೆ, ಆ ಗ್ಲಾಕೋಮಕ್ಕೆ, ಹಾಕುವ ಮದ್ದಿನ ನೀರು. ನಿನ್ನ ಅಮ್ಮ ಇದ್ದಾಗ ಅವಳ ಕೈಯಿಂದ, ಅವಳು ಹೋದ ಮೇಲೆ ನನ್ನ ಕೈಯಿಂದ, ಒಂಬತ್ತು ವರ್ಷದಲ್ಲಿ ಒಂದು ಹನಿ ತಪ್ಪಿಸಿದವನಲ್ಲ. ನನ್ನ ಜೊತೆಗೇ ಈ ಕಾಯಿಲೆ ಬಂದ ಮೇದಪ್ಪ ಮದ್ದು ಬಿಟ್ಟ, ಈಗ ಕೋಲು ತಡವುತ್ತ ನಡೆಯುತ್ತಾನೆ. ನಾನು ಪಂಚಾಂಗದ ಸಣ್ಣ ಅಕ್ಷರ ಓದುತ್ತೇನೆ.

ಮಂಗಳೂರಿನಿಂದ ನನ್ನ ಮದ್ದಿನ ಶೀಸೆ ತಂದುಕೊಡುವ ಬಸ್ ಕಂಡಕ್ಟರ್ ಮೊಯ್ದೀನ್ ಮೊನ್ನೆ ನನ್ನ ಮುಖ ನೋಡಿ, “ಎಂತ ಭಟ್ರೆ, ಕೆಂಬೂತದ ಕೆಂಪು ಕಣ್ಣಿಗೂ ನಿಮ್ಮದಕ್ಕೂ ಎಂತ ವ್ಯತ್ಯಾಸ ಉಂಟು?” ಎಂದ.

“ಕೆಂಬೂತ ಟಿಕೆಟ್ ತೆಗೆಯುದಿಲ್ಲ,” ಎಂದೆ.

ನಕ್ಕ, ಆದರೆ ಬಿಡಲಿಲ್ಲ. ತನ್ನ ಬಸ್ಸಿನಲ್ಲೇ ಮಂಗಳೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ.

ಡಾಕ್ಟರು ಹೊಸಬರು. ಒಳಗಿನ ಒತ್ತಡ ಅಳೆದು “ವಂಡರ್‌ಫುಲ್” ಎಂದರು. ಆಮೇಲೆ ಭೂತಗನ್ನಡಿ ಹಿಡಿದು ಕಣ್ಣಿನ ಮೇಲಿನ ಪೊರೆ ನೋಡಿದರು. ದಿನಕ್ಕೆ ಎಷ್ಟು ಸಲ ಹಾಕುತ್ತೀರಿ ಎಂದು ಕೇಳಿದರು. ಎಂಟು ಎಂದೆ; ಒಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ ಎಂದೂ ಸೇರಿಸಿದೆ. ಬರೆದುಕೊಟ್ಟದ್ದು ನಾಲ್ಕಲ್ಲವೇ ಎಂದರು.

“ಉರಿಯಲಿಕ್ಕೆ ಶುರುವಾಯಿತು ಡಾಕ್ಟ್ರೆ. ಉರಿದರೆ ಮದ್ದು ಹಿಡಿಯಿತು ಎಂದೇ ನಮ್ಮ ಕಡೆ ಹೇಳುದು. ಹಾಗೆ ಹೆಚ್ಚು ಮಾಡಿದೆ.”

“ಅಡಿಕೆ ತೋಟಕ್ಕೆ ಬಿಡುವ ಮದ್ದಿನಲ್ಲಿ ಮೈಲುತುತ್ತು ಹೆಚ್ಚಾದರೆ?”

“ಎಳೆಕಾಯಿ ಸುಡ್ತದೆ.”

“ಕಣ್ಣೂ ಅಷ್ಟೇ.”

ನಾಲ್ಕೇ ಹಾಕಿದರೂ ಇಷ್ಟು ವರ್ಷ ಆದಾಗ ಮೇಲಿನ ಪೊರೆ ಒಣಗಿ ಕೆಂಪಾಗುವುದುಂಟಂತೆ; ನನ್ನ ಎಂಟು ಅದನ್ನು ಬೇಯಿಸಿಬಿಟ್ಟಿತು. ಬೇರೆ ಶೀಸೆಯನ್ನೂ ಹಚ್ಚಲು ಮುಲಾಮನ್ನೂ ಕೊಟ್ಟಿದ್ದಾರೆ. ಉರಿ ಅರ್ಧ ಇಳಿದಿದೆ. ಹೊರಡುವಾಗ ಅಲ್ಲಿ ಡಾಕ್ಟರಿಕೆ ಕಲಿಯುವ ಹುಡುಗರನ್ನು ಕರೆದು, “ಒಂಬತ್ತು ವರ್ಷ ಒಂದು ದಿನವೂ ತಪ್ಪಿಸದವರು, ನೋಡಿಕೊಳ್ಳಿ,” ಎಂದರು. ನಾನೂ ಇಂಟರ್‌ಮೀಡಿಯೆಟ್ ಓದಿದವನಲ್ಲವೇ, “ಡ್ಯೂಟಿ ಈಸ್…” ಎಂದು ಶುರುಮಾಡಿದೆ. ಮುಂದಿನದು ನೆನಪಾಗಲಿಲ್ಲ. “ಡ್ಯೂಟಿ” ಎಂದೇ ಮುಗಿಸಿದೆ. ಹುಡುಗರು ಬರೆದುಕೊಂಡರು.

ಆದ್ದರಿಂದ ನೀನು ಬರುವುದು ಬೇಡ. ನಮ್ಮ ಕುಟುಂಬದಲ್ಲಿ ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲುವ ಮೊದಲ ಹೆಣ್ಣು ನೀನು. ನಿನ್ನ ಅಕ್ಷರ ಕೊನೆಯ ಬೆಂಚಿಗೂ ಕಾಣುವಷ್ಟು ದೊಡ್ಡದಾಗಲಿ. ಅತ್ತೆ ಮಾವಂದಿರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಪ್ಪ,
ಮಹೇಶ್ವರ ಭಟ್ಟ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಡಾಕ್ಟರಿಗೆ ಹೇಳಿದ್ದು ಸುಳ್ಳು, ನಿನಗೆ ಮೇಲೆ ಬರೆದದ್ದೂ ಸುಳ್ಳು. ಒಂದು ದಿನ ತಪ್ಪಿಸಿದ್ದೇನೆ. ಹನಿ ಹಾಕಿದರೆ ಒಂದು ತಾಸಿನವರೆಗೆ ದೂರದ್ದೆಲ್ಲ ಮಬ್ಬು. ಹೆಂಡತಿ ಇಲ್ಲದವನು ಧಾರೆ ಎರೆಯುವಂತಿಲ್ಲವೆಂದು ನಿನ್ನ ರಾಧಾಕೃಷ್ಣ ಚಿಕ್ಕಪ್ಪನೂ ಕೌಸಲ್ಯಾ ಚಿಕ್ಕಮ್ಮನೂ ಎರೆದರು; ನಾನು ಚಪ್ಪರದ ಕಂಬದ ಹತ್ತಿರ ನಿಂತಿದ್ದೆ. ಅಷ್ಟು ದೂರದಿಂದ ನಿನ್ನ ಮುಖ ಕಾಣಬೇಕಿತ್ತು, ಅದಕ್ಕೇ ಬೆಳಗ್ಗಿನಿಂದ ಹಾಕಲಿಲ್ಲ. ಕಂಡಿತು. ನೀರು ಎರೆಯುವ ಚಿಕ್ಕಮ್ಮನ ಕೈಯೂ ಕಂಡಿತು. ಅಲ್ಲಿ ಇರಬೇಕಾಗಿದ್ದ ಕೈ ನನಗೆ ಹನಿ ಹಾಕಿದ ಕೈ. ಆ ಕಣ್ಣೀರು ಮದ್ದಿನದಲ್ಲ, ಮಗಳೇ. ಆದರೂ ಸೋಮವಾರ ನೀನು ಶಾಲೆಗೆ ಹೋಗು.