ನಿನ್ನ ಆರು ಬಾಟಲಿಗಳು

ತೊಳೆಯುವ ಕೋಣೆ,
ಮಾರ್ಚ್ ೧೪, ಗುರುವಾರ

ಪ್ರೀತಿಯ ಪುಟ್ಟಿ,

ನಿನ್ನ ಕೆಮ್ಮು ಹೇಗಿದೆ? ಗುಂಡಣ್ಣನಿಗೆ ಹಲ್ಲು ಬಂತೇ? ಅಳಿಯಂದಿರ ಬೆನ್ನುನೋವು ಇಳಿಯಿತೇ? ನಿಮ್ಮಮ್ಮ, ನನ್ನ ಮಹಾರಾಯಿತಿ ತಂಗಿ, ಮೊಣಕಾಲು ನೋವು ಎನ್ನುತ್ತಲೇ ಬೀದಿಯೆಲ್ಲ ಸುತ್ತುತ್ತಾಳೆ. ಅವಳ ಚಿಂತೆ ಬೇಡ. ನನ್ನ ಕೈ ಸಾಬೂನು ನೀರಿನಲ್ಲಿ ನೆಂದು ಬಿರುಕು ಬಿಟ್ಟಿದೆ, ಅದು ಇಪ್ಪತ್ತಾರು ವರ್ಷದ ಹಳೇ ಸಮಾಚಾರ. ನೀನು ಈ ಪ್ರಯೋಗಾಲಯ ಬಿಟ್ಟ ಮೇಲೆ ಇದು ನಾಲ್ಕನೇ ಕಾಗದ. ಒಂದಕ್ಕೂ ಉತ್ತರವಿಲ್ಲ.

ನಾನು ಓದಿದವಳಲ್ಲ. ಬ್ಯಾಕ್ಟೀರಿಯಾಕ್ಕೆ ಹೊರಪೊರೆ ಇರುತ್ತದೆ, ಅದರಲ್ಲಿ ಪ್ರೋಟೀನುಗಳು ಗೋಡೆಗೆ ಕೂರಿಸಿದ ಬಾಗಿಲ ಚೌಕಟ್ಟಿನ ಹಾಗೆ ನಿಂತಿರುತ್ತವೆ ಎಂದು ನೀನೇ ಊಟದ ಡಬ್ಬಿಯ ಮುಚ್ಚಳದ ಮೇಲೆ ಬೆರಳಾಡಿಸಿ ಕಲಿಸಿದ್ದೆ. ಆ ಪ್ರೋಟೀನನ್ನು ಬೇರೆ ಮಾಡಿ ಜೀವಕೋಶಗಳಿಗೆ ಹಾಕಿದರೆ ಅವು ಬೆಳೆಯುವುದನ್ನೇ ನಿಲ್ಲಿಸುತ್ತವೆ, ಮೈಯೊಳಗಿನ ಕ್ಯಾನ್ಸರ್ ಗಂಟಿಗೆ ಇದೇ ಮದ್ದಾದೀತು ಎಂದು ಕುಣಿದಾಡಿದ್ದೆ. ಬೇರೆ ಪ್ರಯೋಗಾಲಯದವರು ಅದನ್ನೇ ಮಾಡಿ ನೋಡಿದರೆ ಜೀವಕೋಶಗಳು ಏನೂ ಆಗದವರ ಹಾಗೆ ಬೆಳೆಯುತ್ತಲೇ ಹೋದವು. ಇಲ್ಲದ್ದನ್ನು ಬರೆದಳು ಎಂದು ನಿನ್ನನ್ನು ಹೊರಗೆ ಕಳಿಸಿದರು.

ಹೋದ ವಾರ ನಿನ್ನ ಜಾಗಕ್ಕೆ ಬಂದಾಕೆ, ನೀನು ಪ್ರೋಟೀನ್ ಇಡುತ್ತಿದ್ದ ಆ ಆರು ಗಾಜಿನ ಬಾಟಲಿಗಳಲ್ಲಿ ಬರೀ ನೀರು ತುಂಬಿಟ್ಟು, ಮರುದಿನ ಜೀವಕೋಶಗಳಿಗೆ ಹಾಕಿದಳು. ಬೆಳವಣಿಗೆ ನಿಂತಿತು. ಹೊಸ ಬಾಟಲಿಯ ನೀರು ಕುಡಿದವು ಚೆನ್ನಾಗಿಯೇ ಬೆಳೆದವು. ಆಕೆ ನನ್ನ ಕೋಣೆಗೆ ಬಂದು ಮೆಲ್ಲಗೆ ಹೇಳಿದಳು: "ಅಮ್ಮಾ, ಕುದಿಸಿದ್ರೆ ಬ್ಯಾಕ್ಟೀರಿಯಾ ಸಾಯುತ್ತೆ. ಅದರ ಹೊರಪೊರೆಯ ಜಿಡ್ಡು ಮಾತ್ರ ಗಾಜಿಗೇ ಅಂಟ್ಕೊಂಡಿರುತ್ತೆ. ಓವನ್ನಲ್ಲಿಟ್ಟು ಸುಟ್ರೇನೇ ಹೋಗೋದು."

ನೀನು ಸುಳ್ಳು ಬರೆದಿರಲಿಲ್ಲ ಪುಟ್ಟಿ, ಕಂಡದ್ದನ್ನೇ ಬರೆದಿದ್ದೆ. ಆದರೆ ನೀನು ಕಂಡದ್ದು ನಿನ್ನ ಪ್ರೋಟೀನಿನ ಕೆಲಸವಲ್ಲ, ಆ ಜಿಡ್ಡಿನದು. ನಿನ್ನ ಏಳು ವರ್ಷದ ದುಡಿಮೆ. ನಾನು ಇದರಲ್ಲಿ ಯಾವುದಕ್ಕೆ ನಗಲಿ, ಯಾವುದಕ್ಕೆ ಅಳಲಿ? ಮುಖ್ಯಸ್ಥರ ಬಳಿ ಹೋದೆ. ತಲೆಯೆತ್ತದೆ, "ಅವಳ ಫೈಲು ಮುಚ್ಚಾಯ್ತಲ್ಲಮ್ಮ" ಎಂದರು. ಫ್ರಿಜ್ಜಿನ ಮೇಲಿದ್ದ ನಿನ್ನ ಹೆಸರಿನ ಚೀಟಿ ಕಿತ್ತಿದ್ದಾರೆ. ಅಂಟಿನ ಗುರುತನ್ನು ಉಜ್ಜಲು ನನಗೆ ಹೇಳಿದರು. ಉಜ್ಜಲಿಲ್ಲ.

ಗುಂಡಣ್ಣನಿಗೆ ಮುತ್ತು. ಅಳಿಯಂದಿರಿಗೂ ನಿನಗೂ ಆಶೀರ್ವಾದ.

ನಿನ್ನ ದೊಡ್ಡಮ್ಮ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಎಲ್ಲ ಬಾಟಲಿಗಳನ್ನೂ ಓವನ್ನಿನಲ್ಲಿಡಬೇಕು ಎಂದು ಗೋಡೆಯ ಮೇಲೇ ಬರೆದಿದೆ. ಮೊದಲ ವರ್ಷ ನಿನ್ನದೊಂದು ಬಾಟಲಿ ಅದರಲ್ಲಿ ಸೀಳಿಹೋಗಿ, ನೀನು ಇಲ್ಲೇ ಸ್ಟೂಲಿನ ಮೇಲೆ ಕೂತು ಅತ್ತಿದ್ದೆಯಲ್ಲ, ಅಂದಿನಿಂದ ನಿನ್ನ ಉಳಿದ ಆರನ್ನು ಮಾತ್ರ ನಾನು ಓವನ್ನಿಗೆ ಇಡಲೇ ಇಲ್ಲ. ಹಬೆಯಲ್ಲಿ ಬೇಯಿಸಿ, ಹಳೇ ಮೆತ್ತನೆ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದೆ. ಬೇರೆ ಯಾರದ್ದಕ್ಕೂ ಅಷ್ಟು ಮಾಡಿದವಳಲ್ಲ. ಹೀಗೆಂದು ಬರೆದು ಸಹಿ ಹಾಕಿದ ಹಾಳೆ ಈ ಲಕೋಟೆಯೊಳಗಿದೆ, ಯಾರಿಗೆ ಬೇಕೋ ತೋರಿಸು. ನನ್ನ ಕೆಲಸ ಹೋದರೆ ಹೋಗಲಿ. ಬೈಯುವುದಕ್ಕಾದರೂ ಒಂದು ಸಾಲು ಬೇಗ ಬರೆ.