ಹೂಂ ಅಂದಿದ್ದಕ್ಕೆ

ಹೊಸನಗರ
೧೦ ಅಕ್ಟೋಬರ್ ೨೦೨೫, ಶುಕ್ರವಾರ ಮಧ್ಯಾಹ್ನ

ತೀರ್ಥಹಳ್ಳಿಯಲ್ಲಿರುವ ನಮ್ಮ ಮನೆಯವರಿಗೆ ತೃಪ್ತಿಯ ನಮಸ್ಕಾರಗಳು.

ಕಾಗದದ ಮೊದಲ ಸಾಲಿನಲ್ಲಿ ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು ಎಂದು ಏಳನೇ ಕ್ಲಾಸಿನಲ್ಲಿ ಕಲಿಸಿದ್ದರು. ಎರಡನೇ ಸಾಲಿನಲ್ಲಿ ಏನು ಬರೆಯಬೇಕು ಅಂತ ಎಂಟನೇ ಕ್ಲಾಸಿನಲ್ಲಿ ಕಲಿಸುತ್ತಿದ್ದರೋ ಏನೋ, ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಳು, ನನ್ನ ಸ್ಕೂಲು ಅಲ್ಲಿಗೆ ಮುಗಿಯಿತು. ತಪ್ಪಿದ್ದ ಕಡೆ ನೀವೇ ಸರಿ ಮಾಡಿಕೊಂಡು ಓದಿ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ದನಿ ಕೇಳಿದರೆ ಹೇಳಬೇಕಾದ್ದೆಲ್ಲ ಮರೆತು "ಊಟ ಆಯ್ತಾ" ಅಂತ ಕೇಳಿಬಿಡುತ್ತೇನೆ. ವಾಯ್ಸ್ ಮೆಸೇಜ್ ಕಳಿಸೋಣ ಅಂದರೆ, ನಿಮ್ಮ ಮದುವೆ ಅಡುಗೆಯ ಕೆಲಸದವರೆಲ್ಲ ಸುತ್ತ ಇರುವಾಗಲೇ ನೀವು ಅದನ್ನು ಜೋರಾಗಿ ಹಾಕಿಬಿಟ್ಟರೆ ಎಂಬ ಹೆದರಿಕೆ. ಅದಕ್ಕೆ ಈ ಕಾಗದ. ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ತಿಮ್ಮಣ್ಣನ ಕೈಯಲ್ಲಿ ಕೊಡುತ್ತೇನೆ. ಅವನು ಒಡೆದು ಓದುವ ಜನ ಅಲ್ಲ. ಆದರೂ ಗೋಂದು ಹಚ್ಚಿದ ಮೇಲೆ ಟೇಪನ್ನೂ ಸುತ್ತುತ್ತೇನೆ, ತೆರೆಯುವಾಗ ಕತ್ತರಿ ಹಿಡಿಯಿರಿ, ಎಳೆದರೆ ಒಳಗಿನದೂ ಹರಿಯುತ್ತದೆ.

ಮೊನ್ನೆ ತಿಮ್ಮಣ್ಣ ನಮ್ಮ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಇಳಿಯುವವರು ಇಳಿಯುವ ಮೊದಲೇ ಬಾಗಿಲಲ್ಲಿ ನಿಂತು ಕೂಗಿದ. "ತೃಪ್ತಕ್ಕಾ, ನಿಮ್ಮ ಹರಕೆ ಫಲ ಕೊಡ್ತು ಮಾರಾಯ್ತಿ! ನಿರಂಜನಣ್ಣ ದೀಪಾವಳಿಗೆ ಬರ್ತಾರಂತೆ. ಬಂದು ಇಲ್ಲೇ ಇರ್ತಾರಂತೆ. ಹೆಂಡ್ತಿ ನನಗೋಸ್ಕರ ಅಷ್ಟು ಕಷ್ಟ ಪಡ್ತಾಳೆ ಅಂತ ಗೊತ್ತೇ ಇರ್ಲಿಲ್ಲ ತಿಮ್ಮಣ್ಣ ಅಂತ ಕಣ್ಣೊರೆಸ್ಕೊಂಡ್ರು." ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ದಯವಿಟ್ಟು ದೀಪಾವಳಿಗೆ ಬರಬೇಡಿ.

ಇಲ್ಲಿಗೇ ನಿಲ್ಲಿಸಿ ಸಿಟ್ಟು ಮಾಡಿಕೊಳ್ಳಬೇಡಿ, ಪೂರ್ತಿ ಓದಿ. ನಾನು ಹರಕೆ ಹೊತ್ತಿಲ್ಲ. ನಾನು ತೂಕ ಇಳಿಸುತ್ತಿದ್ದೇನೆ.

ನೀವು ಹೋದ ಮೇಲೆ ನಾನು ಇನ್ನೂ ದಪ್ಪ ಆದೆ. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕು ಅಂತ ನನ್ನ ಕೈಗೆ ಗೊತ್ತಾಗಲೇ ಇಲ್ಲ. ಇಬ್ಬರಿಗೆ ಬೇಯಿಸುವುದು, ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು, ಆಮೇಲೆ ಅನ್ನ ಎಸೆಯಬಾರದು ಅಂತ ನಿಮ್ಮ ಪಾಲನ್ನೂ ನಾನೇ ತಿನ್ನುವುದು. ಹೀಗೇ ನಡೆಯಿತು. ಹೊಕ್ಕುಳ ಕೆಳಗೆ ಒಂದು ಗಂಟು ಎದ್ದಿತು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಕ್ಯಾನ್ಸರ್ ಅಂತಲೇ ತಿಳಿದು ಯಾರಿಗೂ ಹೇಳದೆ ಇದ್ದೆ. ಒಂದು ದಿನ ಸಾಗರಕ್ಕೆ ಹೋಗುವ ಬಸ್ಸು ತುಂಬಿತ್ತು. ಹೊಸ ಕಂಡಕ್ಟರು, ನನ್ನ ಗುರುತಿಲ್ಲ. "ಬಸುರಿ ಹೆಂಗ್ಸು ನಿಂತಾರೆ, ಸೀಟ್ ಬಿಡ್ರೀ" ಅಂತ ಕೂಗಿದ. ಒಬ್ಬ ಹುಡುಗಿ ಎದ್ದಳು. ಅಲ್ಲ ಅಂತ ಹೇಳಬೇಕಿತ್ತು. ಕಾಲು ನೋಯುತ್ತಿತ್ತು, ಕೂತುಬಿಟ್ಟೆ. ಆ ಹುಡುಗಿ "ಎಷ್ಟನೇ ತಿಂಗ್ಳು ಆಂಟಿ?" ಅಂತ ಕೇಳಿದಳು. ನಮ್ಮ ಮನೆಯಲ್ಲಿ ತೊಟ್ಟಿಲು ತೂಗದ ಸಂಗತಿ ನಿಮಗೆ ಗೊತ್ತೇ ಇದೆಯಲ್ಲ. ನಾನು ಕಿಟಕಿಯ ಕಡೆ ತಿರುಗಿಕೊಂಡೆ, ಇಳಿಯಬೇಕಾದ ಸ್ಟಾಪು ಬಂದರೂ ಏಳಲಿಲ್ಲ.

ಅವತ್ತೇ ಡಾಕ್ಟರ ಹತ್ತಿರ ಹೋಗಿದ್ದು. ಹೆಂಗಸು ಡಾಕ್ಟರು, ಬೈಯುವುದಿಲ್ಲ. "ಕ್ಯಾನ್ಸರೂ ಅಲ್ಲ ಎಂತದೂ ಅಲ್ಲ, ಹರ್ನಿಯಾ. ಆಪರೇಶನ್ ಮಾಡಿದ್ರೆ ಹೋಗ್ತದೆ. ಆದ್ರೆ ಈ ತೂಕಕ್ಕೆ ಹೊಲಿಗೆ ನಿಲ್ಲೋದಿಲ್ಲ, ಅನಸ್ತೇಶಿಯಾ ಕೊಡೋದೂ ಕಷ್ಟ. ಮೂವತ್ತು ಕೆ.ಜಿ. ಇಳಿಸ್ಕೊಂಡು ಬನ್ನಿ. ಗಂಟು ಒಳಗೆ ಸಿಕ್ಕಿಕೊಂಡ್ರೆ ಮಾತ್ರ ಜೀವಕ್ಕೇ ಕಷ್ಟ, ಅದಕ್ಕೆ ತಡ ಮಾಡ್ಬೇಡಿ" ಅಂದರು. ಮೂವತ್ತು ಕೆ.ಜಿ. ಅಂದರೆ ಅಂಗಡಿಯ ಒಂದು ಅಕ್ಕಿ ಚೀಲಕ್ಕಿಂತ ಜಾಸ್ತಿ. ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಚೀಲವನ್ನು ಯಾರೋ ನನ್ನ ಸೊಂಟಕ್ಕೆ ಕಟ್ಟಿದ ಹಾಗೆ ಅನ್ನಿಸುತ್ತಿತ್ತು.

ದಿನಾ ನಡೆಯಬೇಕು ಅಂದಿದ್ದರು. ರಸ್ತೆಯಲ್ಲಿ ನಡೆಯೋಣ ಅಂದರೆ ಕೊಡಚಾದ್ರಿಗೆ ಹೋಗುವ ಕಾರುಗಳು ಮೈಮೇಲೇ ಬರುತ್ತವೆ, ಇಲ್ಲದಿದ್ದರೆ ನಾಯಿ. ಯಾವ ನಾಯಿಗೆ ಹುಚ್ಚು ಹಿಡಿದಿದೆಯೋ ಯಾರಿಗೆ ಗೊತ್ತು. ಸಪಾಟಾಗಿ, ಗುಡಿಸಿಟ್ಟಿರುವ ಜಾಗ ಅಂದರೆ ನಮ್ಮ ಚೌಡಮ್ಮನ ಗುಡಿಯ ಅಂಗಳ ಒಂದೇ. ಬೆಳಿಗ್ಗೆ ಎದ್ದು ಅಲ್ಲಿ ಸುತ್ತು ಹಾಕತೊಡಗಿದೆ. ಕಾಲು ಜಾರದಿರಲಿ ಅಂತ ಚಪ್ಪಲಿ ಬಿಟ್ಟಿದ್ದೆ. ನಡೆಯುವುದೂ ಬಲಕ್ಕೇ ಆಯಿತು, ಪ್ರದಕ್ಷಿಣೆಯ ಹಾಗೆ.

ಮೂರನೇ ದಿನವೋ ನಾಲ್ಕನೇ ದಿನವೋ ಪಕ್ಕದ ಮನೆ ಕೆರಿಯಮ್ಮಜ್ಜಿ ಹೂ ಕೊಯ್ಯಲು ಬಂದವಳು ಬುಟ್ಟಿ ಹಿಡಿದುಕೊಂಡೇ ನಿಂತಳು. "ಬರಿಗಾಲಲ್ಲಿ ಸುತ್ತು ಬರ್ತಿದ್ಯಲ್ಲೇ ಮಗಾ. ಗಂಡ ಮನೆಗೆ ಬರ್ಲಿ ಅಂತ ಹೊತ್ತುಕೊಂಡ್ಯಾ?"

ಹೊಟ್ಟೆ ಕರಗಿಸಲು ದೇವರ ಅಂಗಳ ಸುತ್ತುತ್ತಿದ್ದೇನೆ ಅಂತ ಹೇಗೆ ಹೇಳಲಿ? ಹೂಂ ಅಂದೆ.

ಅಷ್ಟೇ. ಅಜ್ಜಿಗೆ ಕಣ್ಣು ತುಂಬಿತು. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ರಾತ್ರಿ ನಾನು ಅನ್ನ ಉಣ್ಣುವುದಿಲ್ಲ ಎಂಬುದೂ ಅದಕ್ಕೆ ಸೇರಿಕೊಂಡು, ತೃಪ್ತಿ ಒಪ್ಪತ್ತು ಮಾಡುತ್ತಿದ್ದಾಳೆ, ಗಂಡ ಬರುವವರೆಗೆ ಒಂದೇ ಹೊತ್ತಿನ ಊಟ ಅಂತ ಆಯಿತು. ಡಾಕ್ಟರು ಸಂಜೆಗೆ ಸೌತೆಕಾಯಿ, ಬೇಯಿಸಿದ ತರಕಾರಿ, ಮಜ್ಜಿಗೆ ಹೇಳಿದ್ದಾರೆ. ಸೌತೆಕಾಯಿ ತಿನ್ನಲು ಬಾಗಿಲು ಹಾಕಿಕೊಳ್ಳುವ ಹೆಂಗಸು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಕಚ್ಚಿದರೆ ಸದ್ದು ಬರುತ್ತದೆ ಅಂತ ತುರಿದುಕೊಂಡು ತಿನ್ನುತ್ತೇನೆ.

ಆದರೆ ನಿಜ ಹೇಳುತ್ತೇನೆ, ಆ ಹೂಂ ಇಲ್ಲದಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ. ಅದಕ್ಕೂ ಮುಂಚೆ ಎರಡು ಸಲ ಶುರು ಮಾಡಿ ಬಿಟ್ಟಿದ್ದೆ. ಬೇಡ ಅಂದರೆ ಯಾರು ಕೇಳುತ್ತಾರೆ? "ಒಂದು ಹೋಳಿಗೆ ತಿಂದ್ರೆ ಎಂತ ಆಗ್ತದೆ?" "ಡಯಟ್ಟಾ? ಯಾವ ಸಿನಿಮಾದಲ್ಲಿ ಪಾರ್ಟು ಸಿಕ್ತೇ?" ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ತುಪ್ಪ ಸುರಿಯುತ್ತಾರೆ. ಹರಕೆ ಅಂದ ಮೇಲೆ ಒಬ್ಬರೂ ಒತ್ತಾಯ ಮಾಡುವುದಿಲ್ಲ. ಒಂದು ನಾಮಕರಣದಲ್ಲಿ ಯಾರೋ ನನ್ನ ಎಲೆಗೆ ಎರಡನೇ ಸಲ ಪಾಯಸ ಹಾಕಲು ಬಗ್ಗಿದರೆ ಅಜ್ಜಿ ಸೌಟನ್ನೇ ಹಿಡಿದುಕೊಂಡಳು. "ಅವಳಿಗೆ ಬಡಿಸ್ಬೇಡ್ರೇ! ಗಂಡನ್ನ ಕರೆಸ್ಕೊಳೋ ಒಪ್ಪತ್ತು ಅದು. ನಿನ್ನ ಪಾಯಸಕ್ಕೆ ಅವನು ತೀರ್ಥಹಳ್ಳಿಯಲ್ಲೇ ಉಳ್ಕೊಂಡ್ರೆ ನೀನು ಕರ್ಕೊಂಡು ಬರ್ತೀಯಾ?" ನಾಲಿಗೆ ಚಪಲಕ್ಕೆ ನಾನೇ ಸೋಲುವ ಹೊತ್ತಿನಲ್ಲೂ ಅಜ್ಜಿ ಬೇಲಿಯಾಚೆ ಪೊಲೀಸಿನ ಹಾಗೆ ಕೂತಿರುತ್ತಾಳೆ. ಹಪ್ಪಳ ಕರಿದರೆ ಅವಳ ಮೂಗಿಗೆ ಹೋಗುತ್ತದೆ.

ಇಪ್ಪತ್ತೆರಡು ಇಳಿದಿದ್ದೇನೆ. ಇದನ್ನು ಬರೆದು ಒಂದು ಸಲ ನೋಡಿಕೊಂಡೆ. ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಸಾಗರದ ಮೆಡಿಕಲ್ ಶಾಪಿನ ಶಿವಮೂರ್ತಿಗೆ ಮಾತ್ರ ಗೊತ್ತು, ಅವರ ಮಷೀನಿನ ಮೇಲೆ ನಾನು ತಿಂಗಳಿಗೊಮ್ಮೆ ಹತ್ತುವುದು. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿ, "ಭೇಷ್ ಅಮ್ಮಾ" ಅನ್ನುತ್ತಾರೆ. ಅಷ್ಟು ಕೇಳಲು ನಾನು ಎರಡು ಬಸ್ಸು ಹತ್ತಿ ಹೋಗುತ್ತೇನೆ. ಇಲ್ಲಿ ಊರಿನಲ್ಲಿ ಯಾರು ನೋಡಿದರೂ "ಅಯ್ಯೋ, ಎಷ್ಟು ಇಳ್ದು ಹೋಗಿದ್ಯೇ, ಚಿಂತೆ ಮಾಡ್ಬೇಡ, ಬರ್ತಾನೆ" ಅಂತ ಬೆನ್ನು ಸವರುತ್ತಾರೆ. ನಾನು ಗೆದ್ದಿದ್ದು ಅವರಿಗೆ ಸೊರಗಿದ ಹಾಗೆ ಕಾಣುತ್ತದೆ. ರವಿಕೆಗಳನ್ನೆಲ್ಲ ಬಿಚ್ಚಿ ಹೊಲಿದುಕೊಂಡೆ. ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ನಿಂತು, ತೆಗೆದಿಟ್ಟೆ.

ಈಗ ಎರಡು ತಿಂಗಳಿಂದ ಮಷೀನಿನ ಮುಳ್ಳು ಇದ್ದಲ್ಲೇ ನಿಂತಿದೆ. ಹಾಗೆ ನಿಲ್ಲುವುದು ಇದ್ದದ್ದೇ, ಬಿಡಬೇಡಿ ಅಂತ ಡಾಕ್ಟರು ಹೇಳಿದರು. ನನಗೆ ಮಾತ್ರ ಸಂಜೆಯಾದರೆ ಸಾಕು, ಎಲ್ಲ ಬಿಟ್ಟುಬಿಡೋಣ ಅನ್ನಿಸುತ್ತದೆ. ಹೊಟ್ಟೆಯ ಹಸಿವಿಗೆ ಮಜ್ಜಿಗೆ ಕುಡಿದರೆ ಆಯಿತು. ಸಂಜೆ ಹೊತ್ತಿನದು ಹೊಟ್ಟೆಯದಲ್ಲ. ಆಗ ಟಿ.ವಿ. ಹಾಕಿ, ದನಿ ಜೋರು ಮಾಡಿ, ಒಳಗೆ ಪಾತ್ರೆ ತೊಳೆಯುತ್ತೇನೆ, ಮನೆಯಲ್ಲಿ ಯಾರೋ ಇದ್ದ ಹಾಗಿರುತ್ತದೆ. ನನ್ನ ಬಗ್ಗೆ ಚಿಂತೆ ಮಾಡಬೇಡಿ, ಒಬ್ಬಳೇ ಇದ್ದು ರೂಢಿಯಾಗಿದೆ.

ಈ ವಾರ ಭೂಮಿ ಹುಣ್ಣಿಮೆಯಾಯಿತು. ಅಜ್ಜಿ ಬುಟ್ಟಿಗೆ ಚಿತ್ತಾರ ಬರೆದು, ನನ್ನನ್ನೂ ಗದ್ದೆಗೆ ಕರೆದುಕೊಂಡು ಹೋದಳು. ತೆನೆಗಟ್ಟುವ ಹೊತ್ತು, ಭೂಮಿ ತಾಯಿ ಬಸುರಿ, ಅವಳ ಬಯಕೆಗೆ ಅಂತ ಬಗೆಬಗೆಯ ಸೊಪ್ಪಿನ ಪಲ್ಯ, ಕಡುಬು ಬಡಿಸಿದರು. ಆಮೇಲೆ ಎಲ್ಲರೂ ಅಲ್ಲೇ ಊಟಕ್ಕೆ ಕೂತರು. ನಾನು ಒಂದು ಕಡುಬು ತಿಂದು ಎದ್ದೆ. ಅಜ್ಜಿ ಬಂದು ನನ್ನ ಗಲ್ಲ ಹಿಡಿದು ಹೇಳಿದಳು, "ಅವನು ಬಂದ ದಿನ ನೋಡು ಮಗಾ, ನಿನ್ನ ಒಪ್ಪತ್ತು ಮುರಿಸೋಳು ನಾನೇ. ಊರೆಲ್ಲ ಸೇರಿ ನಿಂಗೆ ತಿನ್ನಿಸ್ತೀವಿ. ಮನೆಗೊಂದು ದಿನ."

ನೀವು ಬರುತ್ತೀರಿ ಅಂತ ತಿಮ್ಮಣ್ಣ ಕೂಗಿದಾಗ ನನಗೆ ನೆನಪಾಗಿದ್ದು ಈ ಮಾತು. ನೀವು ಹೊಸ್ತಿಲು ದಾಟಿದಿರೋ, ಹರಕೆ ತೀರಿತು. ಆಮೇಲೆ ನನ್ನ ಎಲೆಗೆ ಕೈ ಅಡ್ಡ ಹಿಡಿಯುವವರು ಯಾರೂ ಇಲ್ಲ. ಊರವರಿಗಾದರೂ ಏನಾದರೂ ಹೇಳಿಯೇನು. ನಿಮಗೆ ಏನು ಹೇಳಲಿ? ನೀವು ಬಂದ ಮರುದಿನವೇ ಒಲೆ ಹೊತ್ತಿಸುತ್ತೀರಿ. ಮದುವೆ ಮನೆಯಿಂದ ಹೋಳಿಗೆ ಕಟ್ಟಿಸಿಕೊಂಡು ಬಂದು, ನಾನು ಮಲಗಿದ್ದರೂ ಎಬ್ಬಿಸಿ, ಎದುರಿಗೆ ಕೂತು ತಿನ್ನಿಸುತ್ತಿದ್ದಿರಿ. ನಿಮ್ಮ ಪ್ರೀತಿ ಬರುತ್ತಿದ್ದುದೇ ಸೌಟಿನಲ್ಲಿ. ಹಸಿವಿದೆಯಾ ಅಂತ ಮಾತ್ರ ಯಾವತ್ತೂ ಕೇಳಿದವರಲ್ಲ. ಅದೇ ನೀವು ನಿಮ್ಮ ತಂಗಿ ಸುಪ್ರಿಯಾಳ ಗೃಹಪ್ರವೇಶದಲ್ಲಿ, ಪಂಕ್ತಿಯಲ್ಲಿ ಬಡಿಸುತ್ತಾ ನನ್ನ ಎಲೆಯ ಮುಂದೆ ನಿಂತು, "ಇವಳ ಹೆಸರು ಮಾತ್ರ ತೃಪ್ತಿ ಮಾರಾಯ್ರೇ, ಹೊಟ್ಟೆಗಿನ್ನೂ ನಾಮಕರಣ ಆಗಿಲ್ಲ" ಅಂದಿರಿ. ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ. ನೀವು ನಗುತ್ತಲೇ ಇನ್ನೊಂದು ಹೋಳಿಗೆ ಹಾಕಿದಿರಿ, ನಾನು ಅದನ್ನೂ ತಿಂದೆ. ಆ ಹೋಳಿಗೆಯ ರುಚಿ ಈಗಲೂ ಬಾಯಲ್ಲಿದೆ.

ಸೀಸನ್ ಮುಗಿಸಿ ಬರ್ತೀನಿ ಅಂತ ಹೋದಿರಿ. ಮದುವೆಯ ಸೀಸನ್ನು ಇಷ್ಟು ಉದ್ದ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ನಾನು ಕೇಳಿಲ್ಲ, ಈಗಲೂ ಕೇಳುವುದಿಲ್ಲ.

ನನ್ನ ಬೇಡಿಕೆ ಇಷ್ಟೇ. ತಿಮ್ಮಣ್ಣನಿಗೆ, ದೀಪಾವಳಿಗೆ ಅಡುಗೆ ಒಪ್ಪಿಕೊಂಡಿದ್ದೇನೆ, ಬರಲಾಗುವುದಿಲ್ಲ ಅಂತ ಹೇಳಿಬಿಡಿ. ಜೋರಾಗಿ ಹೇಳಿ, ಅಜ್ಜಿಯ ಕಿವಿಗೂ ಬೀಳಲಿ. ಅವಳು ನಿಮ್ಮನ್ನು ಬೈಯುತ್ತಾಳೆ, ಬೈಸಿಕೊಳ್ಳಿ. ನನ್ನ ಮೇಲಿನ ಕಾವಲು ಇನ್ನೂ ಬಿಗಿಯಾಗುತ್ತದೆ. ಮುಳ್ಳು ಮತ್ತೆ ಇಳಿಯಲು ಶುರುವಾದರೆ ಬೇಸಿಗೆಯೊಳಗೆ ನಾನು ಡಾಕ್ಟರು ಹೇಳಿದ ಗೆರೆಗೆ ಮುಟ್ಟಬಹುದು. ಮುಟ್ಟದಿದ್ದರೆ ಏನು ಮಾಡುವುದು ಅಂತ ಈಗ ಯೋಚಿಸುವುದಿಲ್ಲ. ಯೋಚಿಸಿದರೆ ಅಡುಗೆಮನೆಗೆ ಹೋಗುತ್ತೇನೆ.

ನಿಮಗೋಸ್ಕರ ಅಂದುಕೊಂಡು ಕಣ್ಣೊರೆಸಿಕೊಂಡಿರಂತೆ. ಅದು ನಿಮಗೋಸ್ಕರ ಆಗಿರಲಿಲ್ಲ ಅಂತ ತಿಳಿದು ಬೇಜಾರಾದರೆ ಕ್ಷಮಿಸಿ. ಓದಿದ ಮೇಲೆ ಈ ಕಾಗದವನ್ನು ಹರಿದು ಒಲೆಗೆ ಹಾಕಿ.

ಇಂತಿ,
ಇನ್ನೂ ಎಂಟು ಕೆ.ಜಿ. ಬಾಕಿ ಇರುವ
ತೃಪ್ತಿ

ಬರೆಯಲೋ ಬೇಡವೋ ಅಂತ ಬಿಟ್ಟಿದ್ದ ಮಾತು: ಸಿಗಂದೂರಿನ ಸೇತುವೆ ಆದ ಮೇಲೆ ಅಜ್ಜಿ ನನ್ನನ್ನು ಅಮ್ಮನವರ ಹತ್ತಿರ ಕರೆದುಕೊಂಡು ಹೋಗಿದ್ದಳು. ಮೊದಲಿನ ಹಾಗೆ ಹಿನ್ನೀರು ದಾಟಲು ಲಾಂಚಿಗೆ ಕಾಯುವುದಿದ್ದರೆ, ಆ ಹೊತ್ತಿನಲ್ಲಿ ಅಜ್ಜಿಗೆ ನಿಜ ಹೇಳಿಬಿಡೋಣ ಅಂತಿದ್ದೆ. ನಾನು ಬಾಯಿ ತೆರೆಯುವುದರೊಳಗೆ ಸೇತುವೆ ಮುಗಿದೇ ಹೋಗಿತ್ತು. ಗುಡಿಯ ಒಳಗೆ ಅಜ್ಜಿ ನನ್ನ ಕೈ ಹಿಡಿದುಕೊಂಡು "ಬಾಯ್ಬಿಟ್ಟು ಹೇಳು ಮಗಾ, ಏನು ಬೇಕು ಅಂತ" ಅಂದಳು. ದೇವಿಯ ಎದುರು ಸುಳ್ಳು ಹೇಳಲು ನನಗೆ ಹೆದರಿಕೆ. ನಿಜ ಹೇಳೋಣ ಅಂದರೆ ಪಕ್ಕದಲ್ಲೇ ಅಜ್ಜಿ. ಉಳಿದಿದ್ದು ಒಂದೇ ದಾರಿ, ಹೇಳುವ ಮಾತನ್ನೇ ನಿಜ ಮಾಡಿಬಿಡುವುದು. ಹಾಗೇ ಮಾಡಿದೆ, ನೀವು ಮನೆಗೆ ಬರಲಿ ಅಂತ ಮನಸಾರೆ ಕೇಳಿಕೊಂಡೆ. ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ.

ಆಪರೇಶನ್ ದಿನ ಮನೆಯವರು ಒಬ್ಬರು ಜೊತೆಗೆ ಇರಲೇಬೇಕಂತೆ. "ಇರ್ತಾರಲ್ವಾ?" ಅಂತ ಡಾಕ್ಟರು ಕೇಳಿದರು. ಅವರಿಗೂ ಹೂಂ ಅಂದುಬಿಟ್ಟಿದ್ದೇನೆ. ಆ ದಿನ ಬನ್ನಿ. ಏನೂ ಕಟ್ಟಿಸಿಕೊಂಡು ಬರಬೇಡಿ. ಊಟ ಮುಗಿಸಿಕೊಂಡೇ ಬನ್ನಿ.